ದಸ್ತಿಯೊಳಗಿನ ಇಂಗ್ಲಿಷು

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ಗಜೇಂದ್ರಗಡದ ಹಾಯಸ್ಕೂಲಿನ್ಯಾಗ ನಾ ವ್ಯಾಪಾರದ ಇಂಗ್ಲಿಷು ಕಲಸ್ತಿದ್ದೆ. ಆ ವರ್ಗ ಇಡಬೇಕೋ ಮುಚ್ಚಬೇಕೋ ಅಂತ ನೋಡಲಿಕ್ಕೆ ಒಂದಿನ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದ್ರು.

ನಾ ಭಾಳ ಡೌಲಿಲೆ ಇಬ್ಬರು ಹುಡುಗರನ್ನ ಎಬ್ಬಿಸಿದೆ. ಇಬ್ಬರೂ ಪ್ಯಾಟಿ ವ್ಯಾಪಾರಸ್ಥರ ಮಕ್ಕಳು.

"ನೀ ಎತ್ತು ಮಾರಾಂವ, ನೀ ಕೊಳ್ಳಾಂವ. ಎಲ್ಲಾ ಇಂಗ್ಲಿಷಿನ್ಯಾಗ ಆಗಬೇಕು ನೋಡ್ರಿ," ಅಂದೆ.

"ಗುಡ್ ಮಾರ್ನಿಂಗ್ ಸರ್" ಚಲೋ ಆತು. "ವಾಟ್ ಈಸ್ ದ ಪ್ರೈಸ್?" ಅದೂ ಚಲೋ ಆತು. ಆಮ್ಯಾಲೆ ಮಾರೋ ಹುಡುಗ ಕಿಸೆದಾಗಿನ ದಸ್ತಿ ತೆಗೆದು, ನಮ್ಮ ಸಂತ್ಯಾಗ ದಲ್ಲಾಳಿಗಳು ಮಾಡೂ ಹಂಗ, ಇಬ್ಬರ ಕೈಮ್ಯಾಲೆ ಹೊಚ್ಚಿದ. ಒಳಗೊಳಗ ಬೆರಳು ಹಿಡಿದು, ಬಿಟ್ಟು ರೇಟು ಹೇಳೂದು, ಕೇಳೂದು ಸುರು ಆತು. ಬಾಯಿಲೆ ಒಂದು ಮಾತಿಲ್ಲ.

"ರೇಟು ಎಷ್ಟಲೇ? ಬಾಯಿಬಿಟ್ಟು ಹೇಳು!" ಸಾಹೇಬ್ರು ಗದರಿಸಿದ್ರು.

"ಹೇಳಬಾರದ್ರಿ ಸರ," ಅಂದ ಮಾರೋ ಹುಡುಗ. "ಮೂರನೇದವರಿಗೆ ಗೊತ್ತಾದ್ರ ವ್ಯಾಪಾರ ಕೆಡತೈತ್ರಿ."

ಸಾಹೇಬ್ರು ಖುರ್ಚಿ ಬಿಟ್ಟು ಎದ್ರು. ಮುಗೀತು ನನ್ನ ವರ್ಗದ ಕಥಿ ಅಂದ್ಕೊಂಡೆ. ಅವರು ಕೊಳ್ಳೋ ಹುಡುಗನ್ನ ಬಾಜೂಕ ಸರಿಸಿ, ಕೋಟಿನ ತೋಳು ಏರಿಸಿ, ತಾವ ದಸ್ತಿಯೊಳಗ ಕೈ ಹಾಕಿದ್ರು! ಹುಡುಗ ಮೊದಲು ಒಲ್ಲೆ ಅಂತ ತಲಿ ಅಲ್ಲಾಡಿಸಿದ. ಸಾಹೇಬ್ರು ಮತ್ತೇನೋ ಹಿಡಿದ್ರು. ಹುಡುಗ ನಕ್ಕ.

ಹೊಂಟು ನಿಂತಾಗ ಸಾಹೇಬ್ರು, "ವರ್ಗ ನಡೀಲಿ," ಅಂದ್ರು.

ನನಗ ತಡಕೊಳ್ಳಾಕ ಆಗಲಿಲ್ಲ. "ಎತ್ತು ಎಷ್ಟಕ್ಕ ಮುಗೀತ್ರಿ ಸಾಹೇಬ್ರ?"

"ಮಾಸ್ತರ, ನೀವು ಮೂರನೇದವರು," ಅಂದು ಟಾಂಗಾ ಹತ್ತಿದ್ರು.