ಕಾಲ್ಬೆರಳಿನಲ್ಲಿ ಬಾರಿಸಿದ ಗಂಟೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮಡಿಕೇರಿಯಲ್ಲಿ ಟೈಪಿಂಗ್ ಕಲಿತು, ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಆಗ ಮಾಡಿದ ಒಂದು ತಪ್ಪನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆಫೀಸಿನಲ್ಲಿದ್ದದ್ದು ಎಸ್ಟೇಟಿನ ಹಿಂದಿನ ಬಿಳಿ ದೊರೆ ಬಿಟ್ಟುಹೋದ ಹಳೆಯ ಇಂಗ್ಲಿಷ್ ಟೈಪ್‌ರೈಟರ್. ಮಳೆಗಾಲದಲ್ಲಿ ಅದರ ಕೀಲಿಗಳು ಅಂಟಿಕೊಳ್ಳುತ್ತಿದ್ದವು, ನಾನು ಪಕ್ಕದಲ್ಲಿ ಕೆಂಡದ ಬಾಂಡಲಿ ಇಟ್ಟು ಒಣಗಿಸುತ್ತಿದ್ದೆ. ಕಾಗದ ಹೊತ್ತು ಸರಿಯುವ ಕ್ಯಾರೇಜಿನ ಹುರಿ ಹರಿದಾಗ ಮೀನಿನ ಗಾಳದ ದಾರ ಕಟ್ಟಿದೆ. ಸದ್ದು ಹೆಚ್ಚಾದಾಗ ಅಡಿಗೆ ಸೈಕಲ್ ಟ್ಯೂಬಿನ ತುಂಡು ಹಾಕಿದೆ. ಹೀಗೆ ಆ ಮೆಷಿನ್ನಿನ ಹೊಟ್ಟೆಯೊಳಗಿನ ಗುಟ್ಟೆಲ್ಲ ನನಗೆ ತಿಳಿದಿತ್ತು. ತಿಳಿದದ್ದೇ ಕೆಟ್ಟದ್ದಾಯಿತು.

ನಮ್ಮ ಮ್ಯಾನೇಜರ್ ಬೆಳ್ಯಪ್ಪನವರು ಬೇಟೆಗಾರರು. ಕೋವಿಯ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಪಕ್ಕದ ಕೋಣೆಯಲ್ಲಿ ಕೂತರೆ ಕೀಲಿಯ ಟಕಟಕ ಅವರಿಗೆ ಕೇಳಿಸುತ್ತಿರಲಿಲ್ಲ, ಸಾಲು ಮುಗಿಯುವ ಹೊತ್ತಿಗೆ ಹೊಡೆಯುವ ಗಂಟೆ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಗಂಟೆ ಹೊಡೆಯುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ಅವರ ಲೆಕ್ಕ. ನನಗೋ ಪತ್ತೇದಾರಿ ಕಾದಂಬರಿಯ ಹುಚ್ಚು. ಒಂದು ದಿನ ಗಂಟೆಯ ಪುಟ್ಟ ಸುತ್ತಿಗೆಯನ್ನು ಅದರ ಕೊಕ್ಕೆಯಿಂದ ಬಿಡಿಸಿ, ದಾರ ಕಟ್ಟಿ, ಮೇಜಿನ ಹಲಗೆಯ ಸಂದಿಯಲ್ಲಿ ಇಳಿಸಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡೆ. ಆಮೇಲೆ ಪುಸ್ತಕ ಓದುತ್ತ ಆಗಾಗ ಬೆರಳು ಅಲುಗಿಸಿದರೆ ಸಾಕು, ಟಿಣ್. ಪುಟ ಮಗುಚಿ ಇನ್ನೊಂದು ಟಿಣ್. ನಿಜವಾಗಿ ಟೈಪ್ ಮಾಡುವಾಗ ಸಾಲಿನ ಕೊನೆಯನ್ನು ಕಣ್ಣಿನಲ್ಲೇ ನೋಡಿಕೊಳ್ಳುತ್ತಿದ್ದೆ.

ಆಟ ಎರಡು ತಿಂಗಳು ನಡೆಯಿತು. ದಿನವಿಡೀ ಗಂಟೆ ಕೇಳಿದ ಬೆಳ್ಯಪ್ಪನವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಪಾಪ, ಒಬ್ಬನೇ ಸಾಯುತ್ತಿದ್ದಾನೆ ಎಂದು ನನಗೆ ಜೊತೆಯಾಗಿ ಇನ್ನೊಬ್ಬ ಟೈಪಿಸ್ಟನ್ನು ತೆಗೆದುಕೊಳ್ಳಲು ತೀರ್ಮಾನಿಸಿದರು. ನಾನೇ ತೋಡಿದ ಗುಂಡಿ ಅದು.

ಅರ್ಜಿ ಹಾಕಿದವಳು ನಾಪೋಕ್ಲಿನ ಸ್ಕೂಲ್ ಮೇಷ್ಟ್ರ ಮಗಳು ಲೀಲಾವತಿ. ತಂದೆ ಕಾಲು ಮುರಿದುಕೊಂಡು ಮಲಗಿದ್ದಾರೆ, ಈ ಕೆಲಸ ಸಿಕ್ಕರೆ ತಂಗಿ ಸ್ಕೂಲು ಬಿಡುವುದು ತಪ್ಪುತ್ತದೆ ಎಂದು ಬರೆದಿದ್ದಳು. ಅರ್ಜಿಯನ್ನು ಫೈಲಿಗೆ ಹಾಕಿದವನು ನಾನೇ. ಪರೀಕ್ಷೆಯ ದಿನ ಬೆಳಿಗ್ಗೆ ದಾರ ಬಿಚ್ಚಿ ಕೊಕ್ಕೆ ಸಿಕ್ಕಿಸಲು ಎರಡು ನಿಮಿಷ ಸಾಕಿತ್ತು. ಕೈ ಹಾಕಿದವನು ಹಿಂದೆ ತೆಗೆದೆ. ಅವಳು ಬಂದರೆ ನನ್ನ ಕಾದಂಬರಿಯ ಗತಿ ಏನು ಎಂಬ ಒಂದೇ ಯೋಚನೆ. ದಾರವನ್ನು ಮೇಜಿನಡಿಗೆ ಸರಿಸಿ ಬಿಟ್ಟೆ.

ಲೀಲಾವತಿ ಚೆನ್ನಾಗಿ ಕಲಿತವಳು. ಕಣ್ಣು ನೋಡಿ ಹೊಡೆಯಬೇಕಾದ ಹಾಳೆಯ ಮೇಲೆ, ಕಿವಿ ಗಂಟೆಯ ಮೇಲೆ. ಆದರೆ ಗಂಟೆ ಹೊಡೆಯಲೇ ಇಲ್ಲ. ಮೊದಲ ಸಾಲಿನ ಕೊನೆಯಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಗಾಬರಿಯಾಗಿ ಪ್ರತಿ ಸಾಲಿಗೂ ತಲೆ ಎತ್ತಿ ನೋಡತೊಡಗಿದಳು, ಒಂದು ಸಾಲು ಬಿಟ್ಟೇಹೋಯಿತು. ಪಕ್ಕದಲ್ಲಿ ನಿಂತ ಮ್ಯಾನೇಜರ ಗಮನವೆಲ್ಲ ಕೈಯಲ್ಲಿದ್ದ ಗಡಿಯಾರದ ಮೇಲೆ.

"ಇದರ ಗಂಟೆ ಹೊಡೀತಾ ಇಲ್ಲ ಸಾರ್," ಎಂದಳು ಅವರತ್ತ ತಿರುಗಿ, ಗಟ್ಟಿಯಾಗಿ.

ಅವರು ನಕ್ಕರು. "ಎಂತ ಮಾತಮ್ಮ ಇದು? ಬೆಳಗ್ಗೆಯಿಂದ ನಾನು ಕೇಳ್ತಾ ಇದ್ದೇನೆ. ಅಲ್ವಾ ಕುಶಾಲಪ್ಪ?"

"ಹೌದು ಸಾರ್," ಎಂದೆ.

ಆ ಎರಡು ಪದಗಳೇ ನನ್ನ ತಪ್ಪು. ಬೆಳಿಗ್ಗೆ ನನ್ನ ಕಾಲ್ಬೆರಳಿನಿಂದ ಗಂಟೆ ಹೊಡೆದದ್ದು ನಿಜ, ಅದಕ್ಕೇ ಅದು ಸುಳ್ಳಿಗಿಂತ ಕೆಟ್ಟದ್ದು. ಲೀಲಾವತಿ ಮೆಷಿನ್ನಿನಿಂದ ಕಾಗದ ತೆಗೆದು ಮ್ಯಾನೇಜರ ಕೈಗೆ ಕೊಟ್ಟಳು.

ಕೆಲಸ ಕೊಡಲಾಗುವುದಿಲ್ಲ ಎಂಬ ಪತ್ರವನ್ನು ಆಗಲೇ ಟೈಪ್ ಮಾಡಿ ಕೈಗೆ ಕೊಡುವಂತೆ ಮ್ಯಾನೇಜರು ನನಗೆ ಹೇಳಿ ಒಳಗೆ ಹೋದರು. ಅವಳು ಹೊರಗೆ ಜಗಲಿಯಲ್ಲಿ ಕೂತಳು. ಅದೇ ಮೆಷಿನ್ನಿನ ಮುಂದೆ ಕೂತು ಅವಳ ಹೆಸರು ಹೊಡೆದೆ. ಮುಂದಿನ ಸಾಲು ಕೈಗೆ ಬರಲಿಲ್ಲ, ಸುಮ್ಮನೆ ಕೂತುಬಿಟ್ಟೆ. ಅಷ್ಟರಲ್ಲಿ ಅಭ್ಯಾಸಬಲದಿಂದ ಕಾಲು ತಾನಾಗಿ ದಾರ ಹುಡುಕಿಕೊಂಡು ಹೋಗಿ ಬೆರಳು ಅಲುಗಿತು. ಟಿಣ್.

ಬಾಗಿಲಲ್ಲಿ ನೆರಳು ಬಿತ್ತು. "ಗಂಟೆ ಹೊಡೀತು, ಆದ್ರೆ ಕ್ಯಾರೇಜ್ ಹಿಂದಕ್ಕೆ ತಳ್ಳಿದ ಸದ್ದು ಬರಲಿಲ್ಲವಲ್ಲ ಅಣ್ಣಾ," ಎಂದಳು ಲೀಲಾವತಿ. ಟೈಪಿಸ್ಟರ ಕಿವಿಗೆ ಮಾತ್ರ ಹೊಳೆಯುವ ವಿಷಯ ಅದು. ಹತ್ತಿರ ಬಂದು ಮೆಷಿನ್ ನೋಡಿದಳು, ದಾರ ನೋಡಿದಳು, ಬಗ್ಗಿ ಮೇಜಿನಡಿಯ ನನ್ನ ಹೆಬ್ಬೆರಳನ್ನೂ ನೋಡಿದಳು. ಕೂಗುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಗಂಭೀರವಾಗಿಯೇ ಕೇಳಿದಳು, "ಇಲ್ಲಿ ಕಾಲಿಗೂ ಬೇರೆ ಸಂಬಳ ಉಂಟಾ ಅಣ್ಣಾ?"

ಕೇಳಿ ಮತ್ತೆ ಜಗಲಿಗೆ ಹೋಗಿ ಕೂತಳು. ಮ್ಯಾನೇಜರ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಬೈದಿದ್ದರೆ ನಾನೂ ಏನಾದರೂ ವಾದ ಹೂಡುತ್ತಿದ್ದೆನೋ ಏನೋ. ದಾರ ಬಿಚ್ಚಿದೆ, ಸುತ್ತಿಗೆಯನ್ನು ಕೊಕ್ಕೆಗೆ ಸಿಕ್ಕಿಸಿದೆ, ಅರ್ಧ ಹೊಡೆದ ಪತ್ರ ಹರಿದು ಹಾಕಿ ಒಳಗೆ ಹೋದೆ.

"ಸಾರ್, ಮೆಷಿನ್ನಿನ ಗಂಟೆ ಕೊಕ್ಕೆಯಿಂದ ಬಿಟ್ಟಿತ್ತು. ತಪ್ಪು ಆಕೆಯದಲ್ಲ," ಎಂದೆ. ಬಿಡಿಸಿದವನು ನಾನು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬೆಳ್ಯಪ್ಪನವರು ಎದ್ದು ನನ್ನ ಬೆನ್ನು ತಟ್ಟಿದರು. ಬೇರೆ ಯಾವನಾದರೂ ಆಗಿದ್ದರೆ ಬಾಯಿ ಮುಚ್ಚಿ ಕೂರುತ್ತಿದ್ದ, ನೀನು ಸತ್ಯವಂತ ಎಂದರು. ಸತ್ಯವಂತನ ಬಾಯಿ ಅಲ್ಲಿಗೇ ಮುಚ್ಚಿಕೊಂಡಿತು.

ಪರೀಕ್ಷೆ ಮತ್ತೆ ನಡೆಯಿತು. ಲೀಲಾವತಿ ತಲೆ ಎತ್ತದೆ ಹೊಡೆದಳು. ಸಾಲಿಗೊಂದು ಗಂಟೆ, ಗಂಟೆಗೊಂದು ಕ್ಯಾರೇಜಿನ ಸದ್ದು, ಒಂದು ತಪ್ಪೂ ಇಲ್ಲ. ಕೆಲಸ ಕೊಡುವಾಗ ಮ್ಯಾನೇಜರು ಆಕೆಗೆ ನನ್ನನ್ನು ತೋರಿಸಿ, ಇವನಿಂದ ಪ್ರಾಮಾಣಿಕತೆ ಕಲಿ ಎಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಕೆಗೆ ಕೆಮ್ಮು ಬಂದಿದೆ ಎಂದು ಅವರು ನೀರು ತರಿಸಿದರು.

ಒಟ್ಟಿಗೆ ಹನ್ನೊಂದು ವರ್ಷ ಕೆಲಸ ಮಾಡಿದೆವು. ಆ ದಾರವನ್ನು ಆಕೆ ಖಾಲಿ ರಿಬ್ಬನ್ ಸುರುಳಿಗೆ ಸುತ್ತಿ ನನ್ನ ಡ್ರಾಯರಿನಲ್ಲಿಟ್ಟಳು, ಯಾರಿಗೂ ಹೇಳಲಿಲ್ಲ. ನಾನು ಮೇಜಿನಡಿ ಪುಸ್ತಕ ತೆರೆದದ್ದು ಕಂಡರೆ ಮಾತ್ರ ಪೆನ್ಸಿಲಿನಿಂದ ಗಂಟೆಯನ್ನು ಒಮ್ಮೆ ತಟ್ಟುತ್ತಿದ್ದಳು. ತಂಗಿ ಓದು ಮುಗಿಸಿ ಟೀಚರ್ ಆದ ದಿನ ಆಫೀಸಿಗೆಲ್ಲ ಸಿಹಿ ಹಂಚಿ, ನನಗೊಂದು ಹೆಚ್ಚು ಕೊಟ್ಟಳು. ಅದು ಕಾಲಿನ ಸಂಬಳವಂತೆ.

ಬೆಳ್ಯಪ್ಪನವರು ನನ್ನನ್ನು ಸತ್ಯವಂತನೆಂದೇ ನಂಬಿ ತೀರಿಕೊಂಡರು. ಅವರಿಗೆ ಹೇಳಬೇಕಿದ್ದ ಉಳಿದರ್ಧ ಮಾತನ್ನು ಇಲ್ಲಿ ಬರೆದಿದ್ದೇನೆ. ಈಗಲೂ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಚಪ್ಪಲಿಯೊಳಗೆ ನನ್ನ ಹೆಬ್ಬೆರಳು ಅಲುಗುತ್ತದೆ. ಬೆನ್ನ ಮೇಲೆ ಅವರ ಕೈ ಬಿದ್ದಂತಾಗಿ ನಾಚಿಕೆಯಾಗುತ್ತದೆ, ಜೊತೆಗೆ ನಗುವೂ ಬರುತ್ತದೆ.