ಒಳಬಾಗಿಲಿಗೆ ಕಟ್ಟಿದ ಬೇವು

ಆಗೆಲ್ಲ ನಮ್ಮ ಕಡೆ ಸಿಡುಬನ್ನು ಸಿಡುಬು ಅಂತ ಯಾರೂ ಕರೆಯುತ್ತಿರಲಿಲ್ಲ. 'ಅಮ್ಮ ಬಂದವ್ಳೆ' ಅನ್ನುತ್ತಿದ್ದರು, ಅದೂ ಮೆಲ್ಲಗೆ. ಅಮ್ಮ ಬಂದ ಮನೆಯ ತಲೆಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ಕಂಡವರು ಹೊಸಲು ದಾಟುತ್ತಿರಲಿಲ್ಲ. ಓದು ಬಾರದ ಊರಿಗೆ ಅಷ್ಟು ಸಾಕಿತ್ತು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಮ್ಮೂರು ಕ್ಯಾಸಂಬಳ್ಳಿಯ ಆಚೆ. ನನಗೆ ಒಂಬತ್ತು ವರ್ಷ, ತಂಗಿ ರತ್ನಿಗೆ ಐದು. ನಂದಿದುರ್ಗದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಜ್ವರ ಹೊತ್ತುಕೊಂಡು ಊರಿಗೆ ಬಂದ. ಮೂರನೆಯ ದಿನ ಮುಖದ ತುಂಬ ಗುಳ್ಳೆ. ಅಜ್ಜಿ ಅವನನ್ನು ಒಳಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದಳು. ಮನೆಯಲ್ಲಿ ಒಗ್ಗರಣೆ ನಿಂತಿತು. ಹೊತ್ತು ಹೊತ್ತಿಗೂ ಮುದ್ದೆ, ಮಜ್ಜಿಗೆ, ಮತ್ತೆ ಅರಿಶಿನ ಬೇವುಗಳ ವಾಸನೆ.

ಆದರೆ ಆ ಸಲ ಬೇವು ತಲೆಬಾಗಿಲಿಗೆ ಏರಲಿಲ್ಲ. ದಾಕು ಹಾಕುವವನು, ಅಂದರೆ ತೋಳಿಗೆ ಸಿಡುಬಿನ ಮದ್ದು ಚುಚ್ಚುವವನು, ಗಣಿಯ ಲೈನುಗಳಿಂದ, ಅಂದರೆ ಕೂಲಿಗಳ ಸಾಲುಮನೆಗಳಿಂದ, ಬಂದವರನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದಾನೆ, ಬೇವು ಕಟ್ಟಿದ ಬಾಗಿಲನ್ನೇ ನೋಡಿ ಒಳಗೆ ಬರುತ್ತಾನೆ ಅನ್ನುವ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಅಜ್ಜಿ ಸೊಪ್ಪನ್ನು ಒಳಬಾಗಿಲಿಗೆ ಕಟ್ಟಿದಳು. ಹಾಗಾಗಿ ಪಕ್ಕದ ಮನೆಯ ಇಬ್ಬರು ಮಕ್ಕಳು ಎಂದಿನಂತೆ ನಮ್ಮ ಜಗಲಿಗೆ ಬಂದು ಹುಣಸೆಬೀಜದ ಆಟ ಆಡುತ್ತಿದ್ದರು.

ದಾಕಿನವನು ಬಂದದ್ದು ಬೆಳಗಿನ ಬಿಸಿಲಿನಲ್ಲಿ, ಸೈಕಲ್ಲು ತಳ್ಳಿಕೊಂಡು. ಅಪ್ಪ, ಅವ್ವ ಕೂಲಿಗೆ ಹೋಗಿದ್ದರು.

"ರತ್ನೀನ ಬಚ್ಚಿಡೇ," ಅಂದಳು ಅಜ್ಜಿ ನನಗೆ. "ಅಮ್ಮ ಮನೇಲಿ ಕುಂತಿರುವಾಗ ಕಬ್ಬಿಣ ತಾಕಿಸಿದ್ರೆ ಸುಮ್ಕೆ ಬಿಟ್ಟಾಳಾ?"

ನನಗೆ ಇಸ್ಕೂಲಿನಲ್ಲಿ ಆಗಲೇ ದಾಕು ಹಾಕಿದ್ದರು. ತೋಳು ಊದಿ ವಾರವಿಡೀ ಅತ್ತಿದ್ದೆ. ತಂಗಿಗೆ ಆ ನೋವು ಬೇಡ ಅನ್ನಿಸಿತು. ಕಣ್ಣಾಮುಚ್ಚಾಲೆ ಅಂತ ಪುಸಲಾಯಿಸಿ, ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಳಿಸಿದೆ. ತಳದಲ್ಲಷ್ಟೇ ರಾಗಿ ಉಳಿದಿತ್ತು.

"ಬೇವಿನ ವಾಸ್ನೆ ಬತ್ತೈತಲ್ಲಜ್ಜಿ," ಅಂದ ಅವನು ಹೊಸಲಲ್ಲಿ ನಿಂತು.

"ತಲೆಗೆ ಬೇವಿನೆಣ್ಣೆ ಅಚ್ಕಂಡಿವ್ನಿ ಕಣಪ್ಪ."

"ಲೈನಿಂದ ಯಾರಾದ್ರೂ ಬಂದವ್ರಾ?"

"ಯಾರೂ ಇಲ್ಲ."

ಅವನು ನನ್ನ ತೋಳು ಹಿಡಿದು ನೋಡಿದ. ಎರಡು ಕಲೆ ಕಂಡು ಅವನಿಗೆ ಸಮಾಧಾನವಾದಂತಿತ್ತು.

"ಮನೇಲಿ ಎಷ್ಟು ಜನ ಮಕ್ಕಳಮ್ಮ?"

"ನಾನೊಬ್ಳೇ," ಅಂದೆ.

ಅವನು ಹೋದ ಮೇಲೆ ರತ್ನಿಯನ್ನು ಮೇಲೆತ್ತಿದೆ. ಮೂಗು, ರೆಪ್ಪೆಯೆಲ್ಲ ರಾಗಿ ಧೂಳು. "ಅಕ್ಕಾ, ನಾನೇ ಗೆದ್ದೆ ಅಲ್ವಾ?" ಅಂತ ಸೀನುತ್ತಲೇ ಕೇಳಿದಳು. ಹೂಂ ಅಂದೆ.

ಚಿಕ್ಕಪ್ಪ ಬದುಕಿದ, ಮುಖದ ತುಂಬ ಗುಳಿ ಹೊತ್ತು. ಅಮ್ಮ ಇಳಿದಳೆಂದು ಅವನ ತಲೆಗೆ ನೀರು ಹಾಕಿ, ಅಜ್ಜಿ ತಂಬಿಟ್ಟಿನ ಆರತಿ ಬೆಳಗಿದ ಮಾರನೆಯ ದಿನ ರತ್ನಿಯ ಮೈ ಕಾದಿತು. ಜಗಲಿಯ ಮಕ್ಕಳಿಬ್ಬರದ್ದೂ.

ಗುಳ್ಳೆ ಎದ್ದ ಮೇಲೆ ದಾಕಿನವನಿಗೆ ಅಜ್ಜಿಯೇ ಹೇಳಿಕಳಿಸಿದಳು. ಮಗುವಿನ ತೋಳನ್ನು ಅವನ ಮುಂದೆ ಹಿಡಿದು, "ಈಗ ಆಕಪ್ಪ," ಅಂದಳು. ಆ ತೋಳಿನಲ್ಲಿ ಸೂಜಿ ಊರಲು ಎಳ್ಳಷ್ಟೂ ಜಾಗವಿರಲಿಲ್ಲ.

"ಈಗ ಆಕಿ ಏನೂ ಪ್ರಯೋಜ್ನ ಇಲ್ಲಜ್ಜಿ," ಅಂದ. ಆಮೇಲೆ ನನ್ನನ್ನು ನೋಡಿದ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ತಿಂಗಳು ತುಂಬುವುದರೊಳಗೆ ನಾನು ಹೇಳಿದ ಸುಳ್ಳು ನಿಜವಾಯಿತು. ಪಕ್ಕದ ಮನೆಯ ಮಕ್ಕಳೂ ಉಳಿಯಲಿಲ್ಲ. ಅಜ್ಜಿ ಬೇವನ್ನು ತಂದು ತಲೆಬಾಗಿಲಿಗೆ ಕಟ್ಟಿ, "ಕೆಟ್ ಮ್ಯಾಲೆ ಬುದ್ಧಿ ಬಂತು, ಅಟ್ ಮ್ಯಾಲೆ ಒಲೆ ಉರೀತು," ಅಂತ ತನಗೆ ತಾನೇ ಹೇಳಿಕೊಂಡಳು. ಸಾಯುವ ತನಕ ಆ ಜಗಲಿಯಲ್ಲಿ ಕೂರಲಿಲ್ಲ.

ಸಿಡುಬು ಹೋಯಿತು, ದಾಕಿನವರೂ ಹೋದರು. ವಾಡೆ ಎಂದೋ ಒಡೆಯಿತು. ನನ್ನ ವಯಸ್ಸಿನ ನಿಮ್ಮ ತೋಳುಗಳಲ್ಲೂ ಆ ಎರಡು ಕಲೆ ಇದ್ದಾವು. ಮೊಮ್ಮಕ್ಕಳು ಮುಟ್ಟಿ ನೋಡಿ ಇದೇನಜ್ಜಿ ಅನ್ನುತ್ತಾರೆ. ರತ್ನಿಯ ಮುಖ ನನಗೀಗ ನೆನಪಾಗುವುದಿಲ್ಲ, ಅದರ ಮೇಲಿದ್ದ ರಾಗಿ ಧೂಳು ಮಾತ್ರ ನೆನಪು. ನಿಮ್ಮ ಮನೇಲಿ ಎಷ್ಟು ಜನ ಮಕ್ಕಳು ಅಂತ ಯಾರು ಕೇಳಿದರೂ 'ಇಬ್ಬರು' ಅನ್ನುತ್ತೇನೆ. ಅವತ್ತು ಆ ಹೊಸಲಲ್ಲಿ ಹೇಳಬೇಕಾಗಿದ್ದ ಮಾತು.