ಗೆರೆ ನಿಂತ ಜಾಗ

ನನ್ನ ಗಂಡ ನೀರಿಗಿಳಿಯುವವರು. ಹೊನ್ನಾಳಿಯ ಹೊಳೆಯಲ್ಲಿ, ಸೂಳೆಕೆರೆಯಲ್ಲಿ ಮುಳುಗಿದ ಪಂಪು, ಬೈಕು, ಒಮ್ಮೊಮ್ಮೆ ಹೆಣ, ಎಲ್ಲ ಎತ್ತಿಕೊಟ್ಟವರು. ಜಗಳೂರು ಕಡೆಯ ನೀರು ತುಂಬಿದ ಹಳೇ ಕಲ್ಲುಕ್ವಾರಿಯಿಂದ ಟ್ರಾಕ್ಟರ್ ಎತ್ತಲು ಹೋದ ದಿನ ಮಾತ್ರ ಅವರನ್ನೇ ಎತ್ತಿ ತರಬೇಕಾಯಿತು. ಆಳದಿಂದ ಒಮ್ಮೆಲೇ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ನಡುವೆ ನಿಂತು, ತಡೆದು ಬರಬೇಕು. ಅವರ ಸೊಂಟದ ಕೆಳಗೆ ಬಲವೇ ಹೋಯಿತು. ಮೇಲೆ ಹೇಗೆ ಬಂದೆ ಎಂಬುದು ಅವರಿಗೇ ನೆನಪಿಲ್ಲ.

ದಂಡೆಯ ಮೇಲೆ, ಇವರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿದ್ದವರು ನನ್ನ ಭಾವ, ಇವರ ಒಡಹುಟ್ಟಿದ ಅಣ್ಣ. "ಅವಸರ ಬಿದ್ದು ಒಂದೇ ಏಟಿಗೆ ಮೇಲೆ ಬಂದ ಕಣವ್ವ, ನನ್ನ ಮಾತು ಎಲ್ಲಿ ಕೇಳ್ತಾನೆ" ಎಂದರು. ಊರೂ ಅದನ್ನೇ ಆಡಿತು. ಆಡಿದವರ ಬಾಯಿಗೆ ಮಣ್ಣು ಬೀಳ! ಕೊನೆಗೆ ಇವರೂ ನಂಬಿಬಿಟ್ಟರು. "ನನ್ನ ಕೈಯಾರೆ ನಿನ್ನ ಬಾಳು ಹಾಳು ಮಾಡಿದೆ" ಎಂದು ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದರು.

ಇಳಿದ ಆಳ, ಏರಿದ ವೇಗ ಎಲ್ಲ ನೆನಪಿಟ್ಟುಕೊಳ್ಳುವ, ವಾಚಿನಂಥ ಡೈವ್ ಕಂಪ್ಯೂಟರ್ ಆವತ್ತು ಅವರ ಕೈಯಲ್ಲಿತ್ತು. ಸೆಕೆಂಡ್ ಹ್ಯಾಂಡ್ ಮಾಲು. ಅದರ ಕಂಪನಿಯ ಸಾಫ್ಟ್‌ವೇರ್ ಈಗಿನ ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ನ್ಯಾಮತಿಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿರುವ ನಾನು ಹುಡುಕಿ ಹುಡುಕಿ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಇಳಿಸಿಕೊಂಡೆ. ಯಾವ್ಯಾವ ದೇಶದವರೋ ಸೇರಿ ಬರೆದು, ಒಳಗೆ ಏನಿದೆ ಯಾರು ಬೇಕಾದರೂ ನೋಡಿಕೊಳ್ಳಿ ಎಂದು ಬಿಟ್ಟಿಯಾಗೇ ಕೊಟ್ಟಿದ್ದರು. ಕೇಬಲ್ ಸಿಕ್ಕಿಸಿದೆ. ಆ ದಿನದ ಗೆರೆ ಪರದೆಗೆ ಬಂತು. ಆಳದಿಂದ ನಿಧಾನಕ್ಕೆ ಏರಿ, ನಡುವೆ ಅಡ್ಡಕ್ಕೆ ನಿಂತಿತ್ತು. ಅಲ್ಲಿಂದ ಇದ್ದಕ್ಕಿದ್ದಂತೆ ನೆಟ್ಟಗೆ ಮೇಲಕ್ಕೆ. ನಿಂತವರನ್ನು ಯಾರೋ ಎಳೆದ ಹಾಗಿತ್ತು.

ಪ್ರಿಂಟ್ ತೆಗೆದು, ಎಲ್ಲಿಂದ ಸಿಕ್ಕಿತೆಂದು ಹೇಳಿ, ಭಾವನ ಮುಂದೆ ಹಿಡಿದೆ.

"ಬಿಟ್ಟಿ ಸಿಕ್ಕಿದ್ರಾಗೆ ಏನು ನಿಜ ಐತೆ? ಅದನ್ನ ನಂಬ್ಕೊಂಡು ನನ್ನ ಕೇಳಾಕೆ ಬಂದ್ಯಾ?" ಎಂದರು.

"ಗುರುತು ಪರಿಚಯ ಇಲ್ಲದೋರು ಬಿಟ್ಟಿ ನಿಜ ಹೇಳಿದ್ರು. ಒಡಹುಟ್ಟಿದ ನಿಮ್ಮ ಕೈಲಿ ಆಗ್ಲಿಲ್ವಲ್ರೀ!"

ಭಾವ ತಲೆ ತಗ್ಗಿಸಿದರು. "ಟ್ರಾಕ್ಟರ್ ಮಾಲೀಕ ಬೈತಿದ್ದ. ಇವನು ಎಷ್ಟೊತ್ತಾದ್ರೂ ಬರ್ಲಿಲ್ಲ. ಎಳೆದುಬಿಟ್ಟೆ."

ಮನೆಯಲ್ಲಿ ಇವರು ಕಾಗದದ ಅಡ್ಡ ಗೆರೆಯ ಮೇಲೆ ಬೆರಳಿಟ್ಟರು. "ನಾನು ನಿಂತಿದ್ದೆ, ಅಲ್ವೇನೇ?" ಅಷ್ಟೇ ಕೇಳಿದ್ದು.

ಇನ್ನು ನಮ್ಮ ಹೊಸಿಲು ತುಳಿಯಬೇಡಿ ಎಂದು ಭಾವನಿಗೆ ಹೇಳಿಬಿಡಬೇಕು ಎನಿಸಿತ್ತು. ಹೇಳುವ ಹಾಗಿಲ್ಲ, ಇವರನ್ನು ಎತ್ತಿ ಬಚ್ಚಲಿಗೆ ಒಯ್ಯುವಷ್ಟು ಶಕ್ತಿ ನನಗಿಲ್ಲ, ದಿನಾ ಬೆಳಗ್ಗೆ ಭಾವನೇ ಬರಬೇಕು. ಮರುದಿನವೂ ಬಂದರು. ಬಗ್ಗಿ ಕಂಕುಳಿಗೆ ಕೈ ಹಾಕಿದರು. ಇವರು ಅಣ್ಣನ ಕೊರಳು ತಬ್ಬಿ ಹಿಡಿದು ಹೇಳಿದರು: "ಇವತ್ತಾದ್ರೂ ನಿಧಾನಕ್ಕೆ ಎತ್ತಣ್ಣಾ."